ಸರಳ ಯಂತ್ರಗಳಲ್ಲಿ ಬಲದ ಲಾಭವೆಷ್ಟು, ಶ್ರಮದ ನಷ್ಟವೆಷ್ಟು?

ಹೊಲದ ಬದುವಿನಲ್ಲಿ ಹೂತ ಕಲ್ಲನ್ನು ಹಾರೆಯಿಂದ ಮೀಟುವುದು, ಮೂಟೆಯನ್ನು ಹಲಗೆಯ ಮೇಲೆ ಎಳೆದು ಗಾಡಿಗೆ ಏರಿಸುವುದು, ರಾಟೆಯ ಮೇಲೆ ಹಗ್ಗ ಹಾಯಿಸಿ ನೀರು ಸೇದುವುದು, ಅಡಕತ್ತರಿಯಿಂದ ಅಡಿಕೆ ಕತ್ತರಿಸುವುದು ಇವೆಲ್ಲ ರೈತ ಕುಟುಂಬಗಳಲ್ಲಿ ದಿನನಿತ್ಯ ನಡೆಯುವ ಕೆಲಸಗಳು. ಇಲ್ಲಿ ಬಳಕೆಯಾಗುವ ಹಾರೆ, ಹಲಗೆ, ರಾಟೆ ಮತ್ತು ಅಡಕತ್ತರಿಗಳೂ ಯಂತ್ರಗಳೇ. ಇವುಗಳಿಗೆ ಸರಳ ಯಂತ್ರಗಳು ಎಂದು ಹೆಸರು. ಟ್ರ್ಯಾಕ್ಟರು, ಪಂಪು, ಒಕ್ಕಣೆ ಯಂತ್ರ ಮುಂತಾದ ದೊಡ್ಡ ಯಂತ್ರಗಳನ್ನು ಬಿಚ್ಚಿ ನೋಡಿದರೆ ಅವುಗಳೊಳಗೂ ಇವೇ ಸರಳ ಯಂತ್ರಗಳು ಕೂಡಿಕೊಂಡಿರುವುದು ಕಂಡುಬರುತ್ತದೆ.

ಯಂತ್ರ ಬಳಸಿದರೆ ಕೆಲಸ ಹಗುರವಾಗುತ್ತದೆ ಎಂಬುದು ಎಲ್ಲರ ಅನುಭವ. ಆದರೆ ಎಷ್ಟು ಹಗುರವಾಗುತ್ತದೆ, ಅದಕ್ಕೆ ಪ್ರತಿಯಾಗಿ ಏನನ್ನು ತೆರಬೇಕಾಗುತ್ತದೆ, ಹಾಕಿದ ಶ್ರಮದಲ್ಲಿ ಎಷ್ಟು ಪಾಲು ವ್ಯರ್ಥವಾಗುತ್ತದೆ ಎಂಬುದನ್ನು ಲೆಕ್ಕ ಹಾಕುವವರು ಕಡಿಮೆ. ಈ ಲೆಕ್ಕ ಕಷ್ಟವಾದುದಲ್ಲ. ಇದನ್ನು ತಿಳಿದರೆ ಆಳು ಮತ್ತು ಎತ್ತುಗಳ ಶ್ರಮ ಉಳಿಯುತ್ತದೆ, ಕೆಲವು ಅಪಾಯಗಳು ತಪ್ಪುತ್ತವೆ, ಯಂತ್ರ ಕೊಳ್ಳುವಾಗ ಮೋಸ ಹೋಗುವ ಸಂಭವವೂ ಕಡಿಮೆಯಾಗುತ್ತದೆ.

ಬಲ ಬೇರೆ, ಕೆಲಸ ಬೇರೆ

ಒಂದು ವಸ್ತುವನ್ನು ತಳ್ಳಲು ಅಥವಾ ಎತ್ತಲು ಹಾಕುವ ಶಕ್ತಿಗೆ ಬಲ ಎನ್ನುತ್ತಾರೆ. ಆ ಬಲದಿಂದ ವಸ್ತು ಎಷ್ಟು ದೂರ ಸರಿಯಿತು ಎಂಬುದನ್ನೂ ಸೇರಿಸಿದರೆ ಕೆಲಸದ ಅಳತೆ ಸಿಗುತ್ತದೆ. 20 ಕಿಲೋಗ್ರಾಂ ಭಾರವನ್ನು 3 ಮೀಟರ್ ಎತ್ತರಕ್ಕೆ ಎತ್ತಿದರೆ 20ನ್ನು 3ರಿಂದ ಗುಣಿಸಿ 60 ಕಿಲೋಗ್ರಾಂ-ಮೀಟರ್ ಕೆಲಸವಾಯಿತು ಎಂದು ಹೇಳಬೇಕು.

ಸರಳ ಯಂತ್ರವು ಬಲವನ್ನು ಕಡಿಮೆ ಮಾಡಬಲ್ಲುದೇ ಹೊರತು ಕೆಲಸವನ್ನು ಕಡಿಮೆ ಮಾಡಲಾರದು. ಬಲದಲ್ಲಿ ಉಳಿತಾಯವಾದಷ್ಟನ್ನು ದೂರದಲ್ಲಿ ತೆರಬೇಕು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿದ್ದ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸನು ಸನ್ನೆಯ ನಿಯಮವನ್ನು ಗಣಿತದ ಮೂಲಕ ತೋರಿಸಿಕೊಟ್ಟನು. ಯಂತ್ರವು ಪ್ರಕೃತಿಯನ್ನು ವಂಚಿಸಿ ಇಲ್ಲದ ಕೆಲಸವನ್ನು ಹುಟ್ಟಿಸಲಾರದು ಎಂಬುದನ್ನು ಸುಮಾರು 1600ರ ಹೊತ್ತಿಗೆ ಇಟಲಿಯ ಗೆಲಿಲಿಯೋ ಸ್ಪಷ್ಟಪಡಿಸಿದನು. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ಲೆಕ್ಕಗಳೆಲ್ಲ ಸುಲಭವಾಗುತ್ತವೆ.

ಹಾರೆಯ ಲೆಕ್ಕ

ಒಂದೂವರೆ ಮೀಟರ್ ಅಂದರೆ 150 ಸೆಂಟಿಮೀಟರ್ ಉದ್ದದ ಹಾರೆಯಿಂದ 180 ಕಿಲೋಗ್ರಾಂ ತೂಕದ ಚಪ್ಪಡಿ ಕಲ್ಲಿನ ಒಂದು ಅಂಚನ್ನು ಎತ್ತಬೇಕಾಗಿದೆ ಎಂದಿರಲಿ. ಇನ್ನೊಂದು ಅಂಚು ನೆಲದ ಮೇಲೆಯೇ ಇರುವುದರಿಂದ ಹಾರೆಯ ಮೇಲೆ ಬೀಳುವುದು ಅರ್ಧ ತೂಕ, ಅಂದರೆ 90 ಕಿಲೋಗ್ರಾಂ ಮಾತ್ರ. ಹಾರೆಯ ಕೆಳಗೆ ಒತ್ತುಕೊಡುವ ಸಣ್ಣ ಕಲ್ಲಿಗೆ ಆನಿಕೆ ಎನ್ನಬಹುದು. ಹಾರೆಯ ತುದಿಯಿಂದ 15 ಸೆಂಟಿಮೀಟರ್ ದೂರದಲ್ಲಿ ಆನಿಕೆಯನ್ನು ಇಟ್ಟರೆ, ಕೈಯ ಕಡೆಗೆ 135 ಸೆಂಟಿಮೀಟರ್ ಉಳಿಯುತ್ತದೆ. 135 ಎಂಬುದು 15ರ ಒಂಬತ್ತು ಪಟ್ಟು. ಆದುದರಿಂದ 90 ಕಿಲೋಗ್ರಾಂ ಭಾರಕ್ಕೆ 10 ಕಿಲೋಗ್ರಾಂ ಬಲ ಸಾಕು. ಎತ್ತಿದ ಭಾರವನ್ನು ಹಾಕಿದ ಬಲದಿಂದ ಭಾಗಿಸಿದಾಗ ಬರುವ ಈ ಸಂಖ್ಯೆಗೆ ಯಾಂತ್ರಿಕ ಲಾಭ ಎಂದು ಹೆಸರು. ಇಲ್ಲಿ ಯಾಂತ್ರಿಕ ಲಾಭ 9.

ಇದಕ್ಕೆ ತೆರಬೇಕಾದ ಬೆಲೆಯೂ ಒಂಬತ್ತು ಪಟ್ಟು. ಕಲ್ಲು 2 ಸೆಂಟಿಮೀಟರ್ ಮೇಲೇಳಬೇಕಾದರೆ ಕೈ 18 ಸೆಂಟಿಮೀಟರ್ ಕೆಳಗಿಳಿಯಬೇಕು. ಆನಿಕೆಯನ್ನು ಅವಸರದಲ್ಲಿ 30 ಸೆಂಟಿಮೀಟರ್ ದೂರದಲ್ಲಿಟ್ಟರೆ ಕೈಯ ಕಡೆಗೆ 120 ಸೆಂಟಿಮೀಟರ್ ಮಾತ್ರ ಉಳಿದು, ಯಾಂತ್ರಿಕ ಲಾಭ 4ಕ್ಕೆ ಇಳಿಯುತ್ತದೆ. ಆಗ ಅದೇ ಕಲ್ಲಿಗೆ ಇಪ್ಪತ್ತೆರಡೂವರೆ ಕಿಲೋಗ್ರಾಂ ಬಲ ಬೇಕಾಗುತ್ತದೆ. ಹಾರೆ ಬದಲಾಗಲಿಲ್ಲ, ಕಲ್ಲು ಬದಲಾಗಲಿಲ್ಲ. ಆನಿಕೆ ಒಂದು ಗೇಣಿಗಿಂತ ಕಡಿಮೆ ಸರಿದುದರಿಂದಲೇ ಸೊಂಟದ ಮೇಲೆ ಬೀಳುವ ಹೊರೆ ಎರಡು ಪಟ್ಟಿಗಿಂತ ಹೆಚ್ಚಾಯಿತು.

ಅಡಕತ್ತರಿಯಲ್ಲಿ ಆನಿಕೆಯು ತುದಿಯ ಕೀಲಿನಲ್ಲಿದ್ದು, ಅಡಿಕೆಯು ಕೀಲಿಗೂ ಕೈಗೂ ನಡುವೆ ಇರುತ್ತದೆ. ಅಡಿಕೆಯನ್ನು ಕೀಲಿನ ಹತ್ತಿರಕ್ಕೆ ಸರಿಸಿದಷ್ಟೂ ಕತ್ತರಿಸುವುದು ಸುಲಭ. ಗೊಬ್ಬರ ಸಾಗಿಸುವ ಒಂಟಿ ಗಾಲಿಯ ತಳ್ಳುಗಾಡಿಯೂ ಇದೇ ಜಾತಿಯದು. ಗಾಲಿಯ ಅಚ್ಚಿನಿಂದ ಹಿಡಿಕೆಗೆ 120 ಸೆಂಟಿಮೀಟರ್, ಹೊರೆಯ ಮಧ್ಯಕ್ಕೆ 40 ಸೆಂಟಿಮೀಟರ್ ಇದ್ದರೆ 60 ಕಿಲೋಗ್ರಾಂ ಹೊರೆಯಲ್ಲಿ 20 ಕಿಲೋಗ್ರಾಂ ಮಾತ್ರ ಕೈಗಳ ಮೇಲೆ ಬೀಳುತ್ತದೆ. ಉಳಿದುದನ್ನು ಗಾಲಿಯೇ ಹೊರುತ್ತದೆ. ಹೊರೆಯನ್ನು ಹಿಡಿಕೆಯ ಕಡೆಗೆ ತುಂಬುವುದು ವಾಡಿಕೆಯಲ್ಲಿ ಕಾಣುವ ತಪ್ಪು. ಗಾಲಿಯ ಕಡೆಗೆ ಹೆಚ್ಚು ತುಂಬಬೇಕು.

ಏತ ಮತ್ತು ಕಪಿಲೆ ಕಲಿಸುವ ಪಾಠ

ಇಂದು ಬಹುಪಾಲು ಬಾವಿಗಳಲ್ಲಿ ಏತ, ಕಪಿಲೆಗಳ ಜಾಗಕ್ಕೆ ಪಂಪುಗಳು ಬಂದಿವೆ. ಆದರೂ ಈ ಹಳೆಯ ಸಾಧನಗಳಲ್ಲಿ ಅಡಗಿರುವ ಜಾಣ್ಮೆಯನ್ನು ಅರಿಯುವುದು ಉಪಯುಕ್ತ.

ಏತದ ಉದ್ದನೆಯ ತುದಿಯಲ್ಲಿ ನೀರಿನ ಪಾತ್ರೆಯೂ ಗಿಡ್ಡ ತುದಿಯಲ್ಲಿ ಕಲ್ಲು ಅಥವಾ ಮಣ್ಣಿನ ಭಾರವೂ ಇರುತ್ತವೆ. ಪಾತ್ರೆಯ ತೂಕ 4 ಕಿಲೋಗ್ರಾಂ, ಅದರಲ್ಲಿ ಹಿಡಿಸುವ ನೀರು 20 ಕಿಲೋಗ್ರಾಂ, ನೀರಿನ ಆಳ 3 ಮೀಟರ್ ಎಂದಿರಲಿ. ಕೈಯಿಂದಲೇ ಸೇದುವುದಾದರೆ 24 ಕಿಲೋಗ್ರಾಂ ಎಳೆಯಬೇಕು. ಉದ್ದ ತೋಳು 3 ಮೀಟರ್, ಗಿಡ್ಡ ತೋಳು 1 ಮೀಟರ್ ಇದ್ದು, ಗಿಡ್ಡ ತುದಿಗೆ 42 ಕಿಲೋಗ್ರಾಂ ಕಲ್ಲು ಕಟ್ಟಿದರೆ ಅದು ಪಾತ್ರೆಯ ಕಡೆ 14 ಕಿಲೋಗ್ರಾಮನ್ನು ಸರಿದೂಗಿಸುತ್ತದೆ. (ಮರದ ಸ್ವಂತ ತೂಕವನ್ನು ಇಲ್ಲಿ ಬಿಡಲಾಗಿದೆ.) ಖಾಲಿ ಪಾತ್ರೆಯನ್ನು ಇಳಿಸಲು 10 ಕಿಲೋಗ್ರಾಂ ಬಲದಿಂದ ಕೆಳಕ್ಕೆ ಎಳೆಯಬೇಕು, ತುಂಬಿದ ಪಾತ್ರೆಯನ್ನು ಎತ್ತಲು ಮತ್ತೆ 10 ಕಿಲೋಗ್ರಾಂ ಸಾಕು. ಕೆಳಕ್ಕೆ ಎಳೆಯುವಾಗ ಮೈಭಾರವನ್ನೇ ಹಾಕಬಹುದಾದುದರಿಂದ ಅದು ಅಷ್ಟಾಗಿ ದಣಿಸುವುದಿಲ್ಲ.

ಒಟ್ಟು ಕೆಲಸವನ್ನು ನೋಡಿದರೆ ಇಳಿಸುವಾಗ 30, ಎತ್ತುವಾಗ 30, ಸೇರಿ 60 ಕಿಲೋಗ್ರಾಂ-ಮೀಟರ್. ಮೇಲೆ ಬಂದ 20 ಕಿಲೋಗ್ರಾಂ ನೀರಿಗೆ 3 ಮೀಟರಿನಂತೆ ಆಗಬೇಕಾದ ಕೆಲಸವೂ ಸರಿಯಾಗಿ 60. ಏತವು ನೀರೆತ್ತುವ ಕೆಲಸವನ್ನು ಕದಿಯಲಿಲ್ಲ. ಒಮ್ಮೆಗೇ ಬೀಳುತ್ತಿದ್ದ ಹೊರೆಯನ್ನು ಎರಡು ಕಂತುಗಳಲ್ಲಿ ಹಂಚಿತು, ಖಾಲಿ ಪಾತ್ರೆಯ ಭಾರವನ್ನು ಸೇದುವವನ ಮೇಲಿನಿಂದ ಇಳಿಸಿತು.

ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಕೆಳಮುಖವಾಗಿ ನಡೆಯುತ್ತಾ ಹಗ್ಗ ಎಳೆಯುತ್ತವೆ. ಜೋಡಿ ಎತ್ತುಗಳ ತೂಕ 600 ಕಿಲೋಗ್ರಾಂ, ಇಳಿಜಾರು 6 ಮೀಟರಿಗೆ 1 ಮೀಟರ್ ಇದ್ದರೆ, ಅವುಗಳ ಮೈಭಾರವೇ 100 ಕಿಲೋಗ್ರಾಮಿನಷ್ಟು ಎಳೆತಕ್ಕೆ ನೆರವಾಗುತ್ತದೆ. ಆದರೆ ಎತ್ತುಗಳು ಮತ್ತೆ ದಿಬ್ಬವನ್ನು ಏರುವಾಗ ಆ ಸಾಲವನ್ನು ತೀರಿಸಲೇಬೇಕು. ಖಾಲಿ ಬರುವಾಗ ಎತ್ತುಗಳಿಗೆ ಏನೂ ಕೆಲಸವಿಲ್ಲ ಎಂದು ತಿಳಿದು ಅವಸರ ಮಾಡುವುದು ಸರಿಯಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ದಕ್ಷತೆ ಎಂದರೇನು?

ಇದುವರೆಗಿನ ಲೆಕ್ಕಗಳಲ್ಲಿ ಘರ್ಷಣೆಯನ್ನು ಸೇರಿಸಿಲ್ಲ. ವಾಸ್ತವದಲ್ಲಿ ಅಚ್ಚು ಉಜ್ಜುತ್ತದೆ, ಹಗ್ಗ ಬಾಗಲು ಬಲ ಬೇಕಾಗುತ್ತದೆ, ತುಕ್ಕು ಹಿಡಿದ ರಾಟೆ ಕಿರುಗುಟ್ಟುತ್ತದೆ. ಹಾಕಿದ ಕೆಲಸದಲ್ಲಿ ಒಂದು ಪಾಲು ಹೀಗೆ ಬಿಸಿಯಾಗಿ, ಸವೆತವಾಗಿ ಹಾಳಾಗುತ್ತದೆ. ಹಾಕಿದ ಕೆಲಸದಲ್ಲಿ ನೂರಕ್ಕೆ ಎಷ್ಟು ಪಾಲು ಉಪಯೋಗಕ್ಕೆ ಬಂದಿತು ಎಂಬುದೇ ದಕ್ಷತೆ. ಯಾವ ಯಂತ್ರದ ದಕ್ಷತೆಯೂ ನೂರನ್ನು ಮೀರಲಾರದು.

ಬಲಕ್ಕೆ ಪ್ರತಿಯಾಗಿ ದೂರವನ್ನು ತೆರುವುದು ತಪ್ಪಿಸಲಾಗದ ವ್ಯಾಪಾರ. ಘರ್ಷಣೆಗೆ ತೆರುವ ನಷ್ಟವನ್ನಾದರೋ ಕಡಿಮೆ ಮಾಡುವುದು ರೈತನ ಕೈಯಲ್ಲೇ ಇದೆ.

ಬಾವಿಕಟ್ಟೆಯ ರಾಟೆಯನ್ನೇ ತೆಗೆದುಕೊಳ್ಳಬಹುದು. ಒಂದೇ ಜಾಗದಲ್ಲಿ ನಿಂತ ರಾಟೆಯಿಂದ ಬಲದಲ್ಲಿ ಲಾಭವಿಲ್ಲ. ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೆಯುವ ಅನುಕೂಲವಷ್ಟೇ ಇದೆ. ಇದರ ದಕ್ಷತೆಯನ್ನು ಯಾವ ಉಪಕರಣವೂ ಇಲ್ಲದೆ ಪರೀಕ್ಷಿಸಬಹುದು. ನೆಲದ ಮೇಲೆ ಭದ್ರವಾದ ತೊಲೆಗೆ ರಾಟೆಯನ್ನು ಕಟ್ಟಿ, ಹಗ್ಗದ ಒಂದು ತುದಿಗೆ ಬಕೆಟ್ ಸೇರಿ 20 ಕಿಲೋಗ್ರಾಂ ತೂಗುವಷ್ಟು ನೀರನ್ನೂ ಇನ್ನೊಂದು ತುದಿಗೆ ಒಂದು ಚೀಲವನ್ನೂ ಕಟ್ಟಬೇಕು. ಚೀಲಕ್ಕೆ ಸ್ವಲ್ಪಸ್ವಲ್ಪವಾಗಿ ಮರಳು ತುಂಬುತ್ತಾ, ಮೆಲ್ಲಗೆ ತಟ್ಟಿದರೆ ಬಕೆಟ್ಟು ಒಂದೇ ಸಮನೆ ನಿಧಾನವಾಗಿ ಮೇಲೇರುವ ಹದಕ್ಕೆ ತರಬೇಕು. ಬಳಿಕ ಚೀಲವನ್ನು ತೂಗಬೇಕು.

ಉದಾಹರಣೆಗೆ ಒಣಗಿದ ರಾಟೆಗೆ 26 ಕಿಲೋಗ್ರಾಂ ಮರಳು ಬೇಕಾಯಿತೆಂದರೆ ದಕ್ಷತೆ ಶೇಕಡ 77. ಅಚ್ಚನ್ನು ಉಜ್ಜಿ ಶುಚಿಮಾಡಿ ಎಣ್ಣೆ ಬಿಟ್ಟ ಮೇಲೆ 22 ಕಿಲೋಗ್ರಾಂ ಸಾಕಾದರೆ ದಕ್ಷತೆ ಶೇಕಡ 91. 10 ಮೀಟರ್ ಆಳದಿಂದ ದಿನಕ್ಕೆ 100 ಬಕೆಟ್ ಸೇದುವ ಕಡೆ ಇದರಿಂದ 4,000 ಕಿಲೋಗ್ರಾಂ-ಮೀಟರ್ ಕೆಲಸ ಉಳಿಯುತ್ತದೆ. ಅಷ್ಟೇ ಶ್ರಮದಿಂದ ಇನ್ನೂ 18 ಬಕೆಟ್ ನೀರು ಸೇದಬಹುದು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಬೇಕೆಂದು ಹಿರಿಯರು ಒತ್ತಾಯಿಸುತ್ತಿದ್ದುದರ ಅರ್ಥವೂ ಇದೇ. ಕೀಲೆಣ್ಣೆಯಿಲ್ಲದ ಗಾಡಿಯ ಕಿರುಗುಟ್ಟುವ ಸದ್ದು ಎತ್ತುಗಳ ಬೆವರು ವ್ಯರ್ಥವಾಗುತ್ತಿರುವ ಸದ್ದೆಂದೇ ತಿಳಿಯಬೇಕು.

ಭಾರದೊಂದಿಗೆ ತಾನೂ ಮೇಲೇರುವ ರಾಟೆಯನ್ನು ಸೇರಿಸಿದರೆ ಬಲದಲ್ಲಿಯೂ ಲಾಭ ಸಿಗುತ್ತದೆ. ಭಾರವನ್ನು ಎರಡು ಎಳೆ ಹಗ್ಗ ಹೊತ್ತರೆ ಅರ್ಧ ಬಲ ಸಾಕು, ನಾಲ್ಕು ಎಳೆ ಹೊತ್ತರೆ ಕಾಲು ಭಾಗ ಸಾಕು. ಹಗ್ಗವನ್ನು ಮಾತ್ರ ಎರಡು ಪಟ್ಟು, ನಾಲ್ಕು ಪಟ್ಟು ಎಳೆಯಬೇಕು. ಆದರೆ ರಾಟೆಗಳು ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುತ್ತದೆ. 100 ಕಿಲೋಗ್ರಾಂ ತೂಕದ ಮೋಟಾರನ್ನು ನಾಲ್ಕು ಎಳೆಯ ರಾಟೆಗಳಿಂದ ಎತ್ತಲು ಲೆಕ್ಕದ ಪ್ರಕಾರ 25 ಕಿಲೋಗ್ರಾಂ ಸಾಕು. ಕೈಗೆ 32 ಕಿಲೋಗ್ರಾಂ ಹತ್ತಿದರೆ ದಕ್ಷತೆ ಶೇಕಡ 78 ಎಂದು ತಿಳಿಯಬೇಕು.

ಹಲಗೆಯ ಮೇಲಿನ ಮೂಟೆ

ಲಾಭ ಮತ್ತು ದಕ್ಷತೆ ಎರಡೂ ಒಂದೇ ಅಲ್ಲ ಎಂಬುದು ಇಳಿಜಾರು ಹಲಗೆಯಲ್ಲಿ ಚೆನ್ನಾಗಿ ಕಾಣುತ್ತದೆ. 100 ಕಿಲೋಗ್ರಾಂ ಮೂಟೆಯನ್ನು 1 ಮೀಟರ್ ಎತ್ತರದ ಗಾಡಿಗೆ ಎಳೆದು ಏರಿಸಬೇಕಾಗಿದೆ. ಮೂಟೆಯು ಹಲಗೆಯನ್ನು ಒತ್ತುವ ಭಾರದ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಘರ್ಷಣೆ ಇದೆ ಎಂದಿರಲಿ.

2 ಮೀಟರ್ ಹಲಗೆ: ಏರಿಕೆಗೆ 50, ಘರ್ಷಣೆಗೆ ಸುಮಾರು 35, ಒಟ್ಟು 85 ಕಿಲೋಗ್ರಾಂ ಬಲ. ಮಾಡಿದ ಕೆಲಸ 170 ಕಿಲೋಗ್ರಾಂ-ಮೀಟರ್. ದಕ್ಷತೆ ಶೇಕಡ 59.

4 ಮೀಟರ್ ಹಲಗೆ: ಏರಿಕೆಗೆ 25, ಘರ್ಷಣೆಗೆ ಸುಮಾರು 39, ಒಟ್ಟು 64 ಕಿಲೋಗ್ರಾಂ ಬಲ. ಮಾಡಿದ ಕೆಲಸ 256 ಕಿಲೋಗ್ರಾಂ-ಮೀಟರ್. ದಕ್ಷತೆ ಶೇಕಡ 39.

ಉದ್ದ ಹಲಗೆಯಲ್ಲಿ ಬಲ ಕಡಿಮೆ ಸಾಕು; ಆದರೆ ಒಟ್ಟು ಶ್ರಮ ಹೆಚ್ಚು ಹಾಳಾಗುತ್ತದೆ. 85 ಕಿಲೋಗ್ರಾಂ ಎಳೆಯುವ ಶಕ್ತಿ ಇಲ್ಲದವರಿಗೆ ಉದ್ದ ಹಲಗೆಯೇ ಗತಿ. ಇಬ್ಬರು ಗಟ್ಟಿ ಆಳುಗಳಿದ್ದರೆ ಗಿಡ್ಡ ಹಲಗೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ. ಎಳೆಯುವ ಬದಲು ಉರುಳಿಸಬಹುದಾದ ವಸ್ತುವಾದರೆ ಎರಡೂ ಲಾಭ ಒಟ್ಟಿಗೆ ದೊರೆಯುತ್ತವೆ. 100 ಕಿಲೋಗ್ರಾಂ ಪೀಪಾಯಿಯನ್ನು ಅದೇ 4 ಮೀಟರ್ ಹಲಗೆಯ ಮೇಲೆ 28 ಕಿಲೋಗ್ರಾಂ ಬಲದಿಂದ ಉರುಳಿಸಲು ಸಾಧ್ಯವಾದರೆ ದಕ್ಷತೆ ಶೇಕಡ 89.

ಹಿಂದಕ್ಕೆ ಓಡುವ ಯಂತ್ರ

ದಕ್ಷತೆ ಹೆಚ್ಚಿದಷ್ಟೂ ಒಳ್ಳೆಯದೇ ಎಂದು ಇಷ್ಟಕ್ಕೇ ತೀರ್ಮಾನಿಸಬಾರದು. ಘರ್ಷಣೆಯು ಎತ್ತುವಾಗ ಅಡ್ಡಿಯಾಗುವಂತೆ ಇಳಿಯುವಾಗಲೂ ಅಡ್ಡಿಯಾಗುತ್ತದೆ. 4 ಮೀಟರ್ ಹಲಗೆಯಲ್ಲಿ ಮೂಟೆಯನ್ನು ಕೆಳಕ್ಕೆ ಜಾರಿಸುವ ಬಲ 25, ತಡೆಯುವ ಘರ್ಷಣೆ 39. ಆದುದರಿಂದ ಕೈಬಿಟ್ಟರೂ ಮೂಟೆ ಅಲ್ಲೇ ನಿಲ್ಲುತ್ತದೆ. 2 ಮೀಟರ್ ಹಲಗೆಯಲ್ಲಿ ಜಾರಿಸುವ ಬಲ 50, ತಡೆ 35. ಕೈಬಿಟ್ಟ ಕೂಡಲೇ ಮೂಟೆ ಹಿಂದಕ್ಕೆ ಜಾರುತ್ತದೆ. ಪೀಪಾಯಿಯಂತೂ ಉರುಳಿಯೇ ಬರುತ್ತದೆ. ಸ್ಥೂಲವಾಗಿ ಹೇಳುವುದಾದರೆ ದಕ್ಷತೆ ಶೇಕಡ 50ಕ್ಕಿಂತ ಕಡಿಮೆ ಇರುವ ಯಂತ್ರ ಭಾರವನ್ನು ತಾನೇ ಹಿಡಿದು ನಿಲ್ಲಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಹಿಂದಕ್ಕೆ ಓಡುತ್ತದೆ.

ಬಾವಿ ತೋಡುವಾಗ ಮಣ್ಣೆತ್ತಲು ಬಳಸುವ, ಹಿಡಿಕೆ ತಿರುಗಿಸಿ ಹಗ್ಗ ಸುತ್ತುವ ಉರುಳೆಯಲ್ಲಿ ಈ ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು. ಹಿಡಿಕೆಯ ತೋಳು 40 ಸೆಂಟಿಮೀಟರ್, ಉರುಳೆಯ ಅಡ್ಡಳತೆಯ ಅರ್ಧ 10 ಸೆಂಟಿಮೀಟರ್ ಇದ್ದರೆ 60 ಕಿಲೋಗ್ರಾಂ ಮಣ್ಣಿಗೆ ಲೆಕ್ಕದ ಪ್ರಕಾರ 15 ಕಿಲೋಗ್ರಾಂ ಬಲ ಬೇಕು. ವಾಸ್ತವವಾಗಿ 20 ಹತ್ತಿದರೆ ಯಾಂತ್ರಿಕ ಲಾಭ 3, ದಕ್ಷತೆ ಶೇಕಡ 75. ಅಂದರೆ ಕೈ ಜಾರಿದ ಕ್ಷಣದಲ್ಲಿ ಹಿಡಿಕೆ ಹಿಂದಕ್ಕೆ ರಭಸದಿಂದ ತಿರುಗುತ್ತದೆ. ಬುಟ್ಟಿ ಕೆಳಗಿರುವವರ ಮೇಲೆ ಬೀಳುತ್ತದೆ. ಎಣ್ಣೆ ಹಾಕಿ ನುಣುಪಾಗಿಟ್ಟ ಉರುಳೆ ಇನ್ನೂ ಬೇಗ ಓಡುತ್ತದೆ. ಆದುದರಿಂದ ಇಂತಹ ಉರುಳೆಗೆ ಹಲ್ಲಿನ ಗಾಲಿಯನ್ನೂ ಅದರ ಹಲ್ಲಿಗೆ ತಾನಾಗಿಯೇ ಬೀಳುವ ತಡೆಕೊಕ್ಕೆಯನ್ನೂ ಕಡ್ಡಾಯವಾಗಿ ಅಳವಡಿಸಬೇಕು. ತಡೆಯಿಲ್ಲದ ಉರುಳೆಯ ಕೆಳಗೆ ಯಾರೂ ನಿಲ್ಲಬಾರದು.

ಟ್ರೇಲರ್ ಎತ್ತುವ ತಿರುಪಿನ ಜ್ಯಾಕು ಇದಕ್ಕೆ ವಿರುದ್ಧವಾದ ಉದಾಹರಣೆ. ಹಿಡಿಕೆ 50 ಸೆಂಟಿಮೀಟರ್ ಉದ್ದವಿದ್ದು, ಒಂದು ಸುತ್ತಿಗೆ ತಿರುಪು 1 ಸೆಂಟಿಮೀಟರ್ ಏರಿದರೆ, ಕೈ 314 ಸೆಂಟಿಮೀಟರ್ ಸುತ್ತಿದಾಗ ಭಾರ 1 ಸೆಂಟಿಮೀಟರ್ ಮೇಲೇಳುತ್ತದೆ. ದಕ್ಷತೆ ಶೇಕಡ 25 ಮಾತ್ರ ಇದ್ದರೂ ಯಾಂತ್ರಿಕ ಲಾಭ 78ರಷ್ಟಾಗಿ, 1,500 ಕಿಲೋಗ್ರಾಂ ಭಾರಕ್ಕೆ ಸುಮಾರು 19 ಕಿಲೋಗ್ರಾಂ ಬಲ ಸಾಕಾಗುತ್ತದೆ. ಮುಕ್ಕಾಲು ಪಾಲು ಶ್ರಮ ಘರ್ಷಣೆಗೆ ಹೋದರೂ ಕೈಬಿಟ್ಟಾಗ ಭಾರ ಇಳಿಯದಂತೆ ಹಿಡಿಯುವುದು ಆ ಘರ್ಷಣೆಯೇ. ಆದರೂ ಜ್ಯಾಕನ್ನು ಮಾತ್ರ ನಂಬಿ ಕೆಳಗೆ ನುಸುಳುವುದು ಸರಿಯಲ್ಲ. ಜ್ಯಾಕು ಓರೆಯಾಗಿ ಮಗುಚಬಹುದು. ಮರದ ದಿಮ್ಮಿಯ ಒತ್ತು ಇರಲೇಬೇಕು.

ಯಂತ್ರ ಕೊಳ್ಳುವಾಗ

ಪಟ್ಟಿ ಮತ್ತು ಪುಲ್ಲಿಗಳಿಂದ ನಡೆಯುವ ಯಂತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರಿನ 10 ಸೆಂಟಿಮೀಟರ್ ಪುಲ್ಲಿಯಿಂದ ಯಂತ್ರದ 30 ಸೆಂಟಿಮೀಟರ್ ಪುಲ್ಲಿಗೆ ಪಟ್ಟಿ ಹಾಕಿದರೆ ಯಂತ್ರವು 480 ಸುತ್ತು ತಿರುಗುತ್ತದೆ. ತಿರುಗಿಸುವ ಬಲ ಸುಮಾರು ಮೂರು ಪಟ್ಟಾಗುತ್ತದೆ, ವೇಗ ಮೂರನೆಯ ಒಂದು ಪಾಲಾಗುತ್ತದೆ. ಅಶ್ವಶಕ್ತಿ ಮಾತ್ರ ಹೆಚ್ಚುವುದಿಲ್ಲ. 5 ಅಶ್ವಶಕ್ತಿಯ ಮೋಟಾರಿಗೆ ಹಲ್ಲಿನ ಗಾಲಿಗಳನ್ನೋ ಭಾರವಾದ ಚಕ್ರವನ್ನೋ ಜೋಡಿಸಿ ಏಳೂವರೆ ಅಶ್ವಶಕ್ತಿ ಪಡೆಯಬಹುದೆಂದು, ಅಥವಾ ವಿದ್ಯುತ್ತು, ಎಣ್ಣೆ, ಗಾಳಿ, ಬಿಸಿಲು ಯಾವುದೂ ಇಲ್ಲದೆ ತನ್ನಷ್ಟಕ್ಕೆ ತಾನೇ ತಿರುಗಿ ನೀರೆತ್ತುವ ಯಂತ್ರವಿದೆಯೆಂದು ಯಾರಾದರೂ ಹೇಳಿದರೆ ಹಣ ಕೊಡುವ ಮೊದಲು ದಕ್ಷತೆಯ ನಿಯಮವನ್ನು ನೆನೆಯಬೇಕು. ನೂರು ಪಾಲು ಹಾಕಿ ನೂರೈವತ್ತು ಪಡೆಯುವ ಯಂತ್ರವನ್ನು ಯಾರೂ ಮಾಡಿಲ್ಲ, ಮಾಡಲೂ ಸಾಧ್ಯವಿಲ್ಲ.

ರೈತರು ಗಮನದಲ್ಲಿಡಬೇಕಾದ ಅಂಶಗಳು

1. ಹಾರೆಯ ಆನಿಕೆಯನ್ನು ಭಾರಕ್ಕೆ ಆದಷ್ಟು ಹತ್ತಿರದಲ್ಲಿ, ಕುಸಿಯದ ಗಟ್ಟಿ ನೆಲದ ಮೇಲೆ ಇಡಬೇಕು.

2. ತಳ್ಳುಗಾಡಿಯಲ್ಲಿ ಹೊರೆಯನ್ನು ಗಾಲಿಯ ಕಡೆಗೆ ತುಂಬಬೇಕು.

3. ರಾಟೆ, ಉರುಳೆ, ಗಾಡಿಯ ಅಚ್ಚುಗಳನ್ನು ಆಗಾಗ ಶುಚಿಮಾಡಿ ಎಣ್ಣೆ ಅಥವಾ ಗ್ರೀಸ್ ಹಾಕಬೇಕು. ಹಳೆಯ ಗ್ರೀಸಿನಲ್ಲಿ ಸೇರಿದ ಮಣ್ಣು ಅಚ್ಚನ್ನು ಸವೆಸುವುದರಿಂದ ಅದನ್ನು ಒರೆಸಿಯೇ ಹೊಸದನ್ನು ಹಾಕಬೇಕು.

4. ಮೂಟೆ ಏರಿಸುವ ಹಲಗೆ, ಯಂತ್ರದ ಪಟ್ಟಿ ಮತ್ತು ಬ್ರೇಕುಗಳಿಗೆ ಎಣ್ಣೆ ತಗಲಬಾರದು. ಅಲ್ಲಿ ಘರ್ಷಣೆಯೇ ರಕ್ಷಣೆ.

5. ಪೀಪಾಯಿ, ಮರದ ದಿಮ್ಮಿ ಮುಂತಾದವನ್ನು ಉರುಳಿಸಿ ಏರಿಸುವಾಗ ಹಿಂದೆ ಬೆಣೆ ಕೊಡುತ್ತಾ ಹೋಗಬೇಕು. ಯಾರೂ ಅದರ ಕೆಳಭಾಗದಲ್ಲಿ ನಿಲ್ಲಬಾರದು.

6. ಭಾರ ಎತ್ತುವ ಯಾವುದೇ ಹೊಸ ಸಾಧನವನ್ನು ಬಳಸುವ ಮೊದಲು ಹಗುರವಾದ ಹೊರೆಯನ್ನು ನೆಲದಿಂದ ಒಂದು ಗೇಣು ಎತ್ತಿ, ಅದು ತಾನೇ ನಿಲ್ಲುತ್ತದೆಯೇ, ಹಿಂದಕ್ಕೆ ಓಡುತ್ತದೆಯೇ ಎಂದು ಪರೀಕ್ಷಿಸಬೇಕು. ಹಿಂದಕ್ಕೆ ಓಡುವುದಾದರೆ ತಡೆಕೊಕ್ಕೆ ಹಾಕಿಸಿದ ಮೇಲೆಯೇ ಅದನ್ನು ಕೆಲಸಕ್ಕೆ ಹಚ್ಚಬೇಕು.